ಗಿಣ್ಣು ಚೆಲ್ಲಬಾರದು, ಏಕೆ?

ಹಸು ಕರು ಹಾಕಿದ ಮನೆಯಿಂದ ಅಕ್ಕಪಕ್ಕದ ಮನೆಗಳಿಗೆ ಗಿಣ್ಣು ಬರುವುದು ನಿಮಗೆಲ್ಲ ಗೊತ್ತು. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದರೆ ಸಾಕು, ಹೆಪ್ಪು ಹಾಕದೆಯೇ ಅದು ಗಟ್ಟಿಯಾಗುತ್ತದೆ. ಚಾಕುವಿನಿಂದ ತುಂಡು ಮಾಡಿ ತಿನ್ನಬಹುದು. ಆದರೆ ಒಂದು ವಾರ ಕಳೆದ ಮೇಲೆ ಅದೇ ಹಸುವಿನ ಹಾಲನ್ನು ಎಷ್ಟು ಕಾಯಿಸಿದರೂ ಹೀಗೆ ಗಟ್ಟಿಯಾಗುವುದಿಲ್ಲ. ಏಕೆ ಎಂದು ಎಂದಾದರೂ ಯೋಚಿಸಿದ್ದೀರಾ?

ಕೋಳಿಮೊಟ್ಟೆಯ ಬಿಳಿಭಾಗವನ್ನು ನೆನಪಿಸಿಕೊಳ್ಳಿ. ಹಸಿಯಾಗಿದ್ದಾಗ ಅದು ನೀರಿನಂತೆ ಜಾರುತ್ತದೆ. ಬಿಸಿ ತಾಗಿದೊಡನೆ ಗಟ್ಟಿಯಾಗುತ್ತದೆ. ಅದರಲ್ಲಿರುವ ಪ್ರೋಟೀನುಗಳು ಶಾಖಕ್ಕೆ ಬಿಚ್ಚಿಕೊಂಡು ಒಂದಕ್ಕೊಂದು ಹೆಣೆದುಕೊಳ್ಳುವುದೇ ಇದಕ್ಕೆ ಕಾರಣ. ಗಿಣ್ಣಿನಲ್ಲಿ ನಡೆಯುವುದೂ ಇದೇ. ಹಸುವಿನ ಮಾಮೂಲಿ ಹಾಲಿನ 100 ಗ್ರಾಂನಲ್ಲಿ ಸುಮಾರು 3.3 ಗ್ರಾಂ ಪ್ರೋಟೀನು ಇದ್ದರೆ, ಕರು ಹಾಕಿದ ನಂತರದ ಮೊದಲ ಹಾಲಿನಲ್ಲಿ ಸುಮಾರು 14 ಗ್ರಾಂ ಇರುತ್ತದೆ. ಅದರಲ್ಲಿ ದೊಡ್ಡ ಪಾಲು ಪ್ರತಿಕಾಯಗಳದು. ಪ್ರತಿಕಾಯಗಳೆಂದರೆ ರೋಗಾಣುಗಳನ್ನು ಗುರುತು ಹಿಡಿದು ಅವುಗಳಿಗೆ ಅಂಟಿಕೊಂಡು ನಿಷ್ಕ್ರಿಯಗೊಳಿಸುವ ಪ್ರೋಟೀನುಗಳು. ಅಂದರೆ ನೀವು ಚಪ್ಪರಿಸಿ ತಿನ್ನುವ ಗಿಣ್ಣು ಕರುವಿನ ರಕ್ಷಣಾ ಪಡೆ!

ಕರುವಿಗೆ ಅದು ಬೇಕೇ ಬೇಕು. ತಾಯಿ ಹಸುವಿನ ಗರ್ಭದಲ್ಲಿದ್ದಾಗ ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳು ಕರುವಿಗೆ ದಾಟಿ ಬರುವುದಿಲ್ಲ. ಹಸುವಿನ ಜರಾಯುವಿನ ರಚನೆ ಹಾಗಿದೆ. ಆದ್ದರಿಂದ ಕರು ಬರಿಗೈಯಲ್ಲಿ ಹುಟ್ಟುತ್ತದೆ. ಗಿಣ್ಣಿನಲ್ಲಿರುವ ಪ್ರತಿಕಾಯಗಳು ಕರುಳಿನ ಗೋಡೆಯ ಮೂಲಕ ಅದರ ರಕ್ತವನ್ನು ಸೇರಬೇಕು. ಕರುಳಿನ ಈ ಬಾಗಿಲು ತೆರೆದಿರುವುದು ಸುಮಾರು 24 ಗಂಟೆ ಮಾತ್ರ, ಅದೂ ಗಂಟೆ ಗಂಟೆಗೂ ಕಿರಿದಾಗುತ್ತ ಹೋಗುತ್ತದೆ. ಅದಕ್ಕೇ ಪಶುವೈದ್ಯರು ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಕುಡಿಸಿ ಎನ್ನುತ್ತಾರೆ. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು ಗಿಣ್ಣು ಅದರ ಹೊಟ್ಟೆ ಸೇರಬೇಕು. 25 ಕಿಲೋ ತೂಗುವ ಕರುವಿಗೆ ಎಷ್ಟು ಲೀಟರ್ ಆಯಿತು? ಲೆಕ್ಕ ಮಾಡಿ. ಕೆಲವರು ಹಸುವಿನ ಕಸ ಬೀಳುವವರೆಗೆ ಕರುವನ್ನು ಕೆಚ್ಚಲಿಗೆ ಬಿಡುವುದಿಲ್ಲ. ಕಸ ಬೀಳುವುದು ಆರೆಂಟು ಗಂಟೆ ತಡವಾದರೆ ಕರುವಿನ ಅಮೂಲ್ಯ ಸಮಯ ಅಷ್ಟೂ ಕಳೆದುಹೋಯಿತು ಎಂದೇ ಅರ್ಥ.

ನಮಗೂ ಗಿಣ್ಣು ಉಂಟು

ಹಸು, ಎಮ್ಮೆ, ಮೇಕೆಗಳಂತೆ ಮನುಷ್ಯರೂ ಸಸ್ತನಿಗಳು. ಮಗು ಹುಟ್ಟಿದ ಮೊದಲ ಎರಡು ಮೂರು ದಿನ ತಾಯಿಯ ಎದೆಯಲ್ಲಿ ಬರುವುದೂ ಗಿಣ್ಣುಹಾಲೇ. ವಿಜ್ಞಾನದ ಪುಸ್ತಕಗಳಲ್ಲಿ ಇದನ್ನು ಕೊಲಾಸ್ಟ್ರಮ್ ಎನ್ನುತ್ತಾರೆ. ಇದು ಅಂಟಂಟಾಗಿ, ಹಳದಿಯಾಗಿ ಇರುತ್ತದೆ. ಹಳದಿ ಬಣ್ಣ ಕೆಟ್ಟುಹೋದದ್ದರ ಗುರುತಲ್ಲ. ಕ್ಯಾರೆಟ್ಟಿಗೆ, ಪಪ್ಪಾಯಿಗೆ ಬಣ್ಣ ಕೊಡುವ ಕೆರೋಟಿನ್ ಎಂಬ ವಸ್ತುವೇ ಇದಕ್ಕೂ ಬಣ್ಣ ಕೊಡುತ್ತದೆ. ಅದರಿಂದ ನಮ್ಮ ದೇಹ ಎ ವಿಟಮಿನ್ ತಯಾರಿಸಿಕೊಳ್ಳುತ್ತದೆ.

(ತರಗತಿಯಲ್ಲಿ ಎದೆಹಾಲಿನ ವಿಷಯ ತೆಗೆದಾಗ ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಗು ಕೇಳಿಸುತ್ತದೆ. ನಕ್ಕು ಮುಗಿಸಿ ಮುಂದೆ ಓದಿ. ನಿಮ್ಮ ಮೊದಲ ಊಟದ ವಿಷಯ ಇದು.)

ಎಷ್ಟು ಬರುತ್ತದೆ ಈ ಹಾಲು? ಮೊದಲ ದಿನ ಒಂದು ಸಲಕ್ಕೆ ಒಂದೆರಡು ಟೀ ಚಮಚದಷ್ಟು ಮಾತ್ರ. ಇದನ್ನು ನೋಡಿ ಮನೆಯವರು ಗಾಬರಿಯಾಗುತ್ತಾರೆ. ‘ಹಾಲೇ ಬಂದಿಲ್ಲ, ಕೂಸು ಹಸಿದಿದೆ’ ಎಂದು ಸಕ್ಕರೆ ನೀರು, ಜೇನುತುಪ್ಪ, ಹಸುವಿನ ಹಾಲು ನೆಕ್ಕಿಸುತ್ತಾರೆ. ಇನ್ನು ಕೆಲವೆಡೆ ಹಳದಿ ಹಾಲು ಮಗುವಿಗೆ ಒಗ್ಗದು ಎಂದು ಹಿಂಡಿ ಚೆಲ್ಲಿ, ಬಿಳಿ ಹಾಲು ಬರುವವರೆಗೆ ಕಾಯುವ ಪದ್ಧತಿ ಇತ್ತು. ಈಗಲೂ ಪೂರ್ತಿ ಹೋಗಿಲ್ಲ. ಹಸುವಿನ ಗಿಣ್ಣನ್ನು ಹನಿಯೂ ಚೆಲ್ಲದ ಮನೆಗಳಲ್ಲೇ ಹೀಗೆ ನಡೆಯುತ್ತದೆ ಎಂಬುದು ನೋಡಿ, ಸೋಜಿಗ!

ಈಗಷ್ಟೇ ಹುಟ್ಟಿದ ಕೂಸಿನ ಹೊಟ್ಟೆಗೆ ಆ ಒಂದೆರಡು ಚಮಚವೇ ಸರಿಯಾದ ಅಳತೆ. ಮನುಷ್ಯರ ಕೂಸು ಕರುವಿನಷ್ಟು ಬರಿಗೈಯಲ್ಲಿ ಬರುವುದಿಲ್ಲ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಾಯಿಯ ರಕ್ತದಿಂದ ಒಂದು ಬಗೆಯ ಪ್ರತಿಕಾಯಗಳು ಜರಾಯುವನ್ನು ದಾಟಿ ಅದಕ್ಕೆ ಸಿಕ್ಕಿರುತ್ತವೆ. ಆದರೆ ಅವು ಇರುವುದು ರಕ್ತದಲ್ಲಿ. ರೋಗಾಣುಗಳು ಒಳನುಗ್ಗುವುದು ಹೆಚ್ಚಾಗಿ ಬಾಯಿ, ಮೂಗುಗಳಿಂದ. ಅಲ್ಲಿ ಕಾವಲು ಯಾರು? ಗಿಣ್ಣುಹಾಲಿನಲ್ಲಿ ಬರುವ ಇನ್ನೊಂದು ಬಗೆಯ ಪ್ರತಿಕಾಯಗಳು. ಇವು ರಕ್ತಕ್ಕೆ ಹೋಗುವುದಿಲ್ಲ. ಗೋಡೆಗೆ ಸುಣ್ಣ ಬಳಿದಂತೆ ಬಾಯಿ, ಗಂಟಲು, ಕರುಳಿನ ಒಳಮೈಗೆ ಹರಡಿಕೊಂಡು ರೋಗಾಣುಗಳು ಅಲ್ಲಿ ನೆಲೆಯೂರದಂತೆ ತಡೆಯುತ್ತವೆ.

ಇನ್ನೂ ಒಂದು ವಿಶೇಷವಿದೆ. ತಾಯಿಯ ಕರುಳಿಗೆ ಯಾವ ರೋಗಾಣುಗಳು ಬಂದು ಹೋಗಿವೆಯೋ ಅವುಗಳ ಗುರುತನ್ನು ಹಿಡಿದ ಜೀವಕೋಶಗಳು ಅಲ್ಲಿಂದ ಹೊರಟು ಎದೆಯನ್ನು ಸೇರುತ್ತವೆ. ಅಲ್ಲಿ ಅದೇ ರೋಗಾಣುಗಳಿಗೆ ತಕ್ಕ ಪ್ರತಿಕಾಯಗಳು ತಯಾರಾಗಿ ಹಾಲಿಗೆ ಬರುತ್ತವೆ. ತಾಯಿ ಮತ್ತು ಮಗು ಇರುವುದು ಒಂದೇ ಮನೆಯಲ್ಲಿ, ಒಂದೇ ಗಾಳಿ, ಒಂದೇ ಧೂಳಿನಲ್ಲಿ. ಹಾಗಾಗಿ ನಿಮ್ಮ ಊರಿನ ರೋಗಾಣುಗಳಿಗೆ ನಿಮ್ಮ ಊರಿನ ತಾಯಿಯ ಹಾಲೇ ತಕ್ಕ ಮದ್ದು. ಇಂಥದನ್ನು ಡಬ್ಬಿಯಲ್ಲಿ ತುಂಬಿ ಮಾರಲು ಯಾವ ಕಾರ್ಖಾನೆಗೂ ಇನ್ನೂ ಆಗಿಲ್ಲ.

ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 89 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. ಆದರೆ ಒಂದು ಗಂಟೆಯೊಳಗೆ ತಾಯಿಹಾಲು ಸಿಕ್ಕ ಮಕ್ಕಳು ನೂರಕ್ಕೆ 42 ಮಾತ್ರ. ಆಸ್ಪತ್ರೆ ದೂರವಿರುವುದೊಂದೇ ಇದಕ್ಕೆ ಕಾರಣವಲ್ಲ ಎಂದು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ತಿಳಿಯುತ್ತದೆ.

ಜೇನುತುಪ್ಪದ ಬಗ್ಗೆ ಒಂದು ಮಾತು. ನಮಗೆ ಅದು ಒಳ್ಳೆಯದೇ. ಆದರೆ ಜೇನಿನಲ್ಲಿ ಕೆಲವೊಮ್ಮೆ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರುತ್ತವೆ. ದೊಡ್ಡವರ ಕರುಳಿನಲ್ಲಿ ಅವು ಮೊಳೆಯುವುದಿಲ್ಲ. ಎಳೆಯ ಮಗುವಿನ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು. ಆದ್ದರಿಂದ ಒಂದು ವರ್ಷ ತುಂಬುವವರೆಗೆ ಜೇನು ಬೇಡ.

ಯಾರ ಹಾಲು ಯಾರಿಗೆ?

‘ಹಸುವಿನ ಹಾಲೂ ಹಾಲೇ ಅಲ್ಲವೇ ಸಾರ್?’ ಇದು ನಾನು ಹೋದ ಶಾಲೆಗಳಲ್ಲೆಲ್ಲ ಕೇಳಿಬರುವ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಮುಂಚೆ ಈ ಪಟ್ಟಿ ನೋಡಿ. ಮೊದಲ ಅಂಕಿ 100 ಗ್ರಾಂ ಹಾಲಿನಲ್ಲಿರುವ ಪ್ರೋಟೀನು. ಎರಡನೆಯದು ಮರಿಯ ತೂಕ ಹುಟ್ಟಿದಾಗ ಇದ್ದದ್ದರ ಎರಡರಷ್ಟಾಗಲು ಬೇಕಾಗುವ ಕಾಲ. ಎಲ್ಲವೂ ಸುಮಾರು ಲೆಕ್ಕ.

ಮೊಲ: 10 ಗ್ರಾಂಗೂ ಹೆಚ್ಚು, ಒಂದು ವಾರ
ಕುರಿ: 5.5 ಗ್ರಾಂ, ಎರಡು ವಾರ
ಹಸು: 3.3 ಗ್ರಾಂ, ಏಳು ವಾರ
ಮನುಷ್ಯ: 1 ಗ್ರಾಂ, ಐದು ತಿಂಗಳು

ಏನು ಕಾಣಿಸಿತು? ಮರಿ ಬೇಗ ಬೆಳೆಯಬೇಕಾದರೆ ಹಾಲಿನಲ್ಲಿ ಪ್ರೋಟೀನು ಹೆಚ್ಚು. ಮೊಲದ ಮರಿ ಬೇಗ ಬೆಳೆದು ಓಡಬೇಕು, ಇಲ್ಲವಾದರೆ ಇನ್ನೊಂದು ಪ್ರಾಣಿಯ ಬಾಯಿಗೆ ತುತ್ತು. ಉತ್ತರ ಧ್ರುವದ ಕಡೆಯ ಹಿಮದ ಮೇಲೆ ಮರಿ ಹಾಕುವ ಹೂಡೆಡ್ ಸೀಲ್ ಎಂಬ ಪ್ರಾಣಿ ಇದೆ. ಅದು ಮರಿಗೆ ಹಾಲೂಡುವುದು ನಾಲ್ಕೇ ದಿನ. ಅಷ್ಟರಲ್ಲೇ ಮರಿಯ ತೂಕ ದುಪ್ಪಟ್ಟಾಗುತ್ತದೆ! ಅದರ ಹಾಲಿನಲ್ಲಿ ನೂರಕ್ಕೆ ಸುಮಾರು 60 ಭಾಗ ಕೊಬ್ಬು. ನಮ್ಮ ಹಾಲಿನಲ್ಲಿ ಕೊಬ್ಬು ನೂರಕ್ಕೆ ನಾಲ್ಕು. ಸೀಲ್ ಹಾಲು ಹಾಲಿಗಿಂತ ಬೆಣ್ಣೆಗೇ ಹತ್ತಿರ ಎನ್ನಬೇಕು. ಹಿಮ ಕರಗಿ ಒಡೆದುಹೋಗುವ ಮೊದಲು ಮರಿಯ ಮೈಮೇಲೆ ಕೊಬ್ಬಿನ ಕಂಬಳಿ ಬೆಳೆಯಬೇಕಲ್ಲ!

ಮನುಷ್ಯರ ಕೂಸಿಗೆ ಓಡುವ ಅವಸರವಿಲ್ಲ. ಅದರ ಮೈ ನಿಧಾನವಾಗಿ ಬೆಳೆಯುತ್ತದೆ. ಆದರೆ ಒಂದು ಅಂಗ ಮಾತ್ರ ಓಡೋಡಿ ಬೆಳೆಯುತ್ತದೆ. ಅದು ಮಿದುಳು. ಹುಟ್ಟಿದಾಗ ಮಿದುಳಿನ ತೂಕ 350ರಿಂದ 400 ಗ್ರಾಂ. ಒಂದು ವರ್ಷದಲ್ಲಿ ಅದರ ಗಾತ್ರ ಸುಮಾರು ಎರಡರಷ್ಟಾಗುತ್ತದೆ. ಕೂಸು ಕುಡಿದ ಹಾಲಿನಿಂದ ಬರುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮಿದುಳೊಂದೇ ಬಳಸಿಕೊಳ್ಳುತ್ತದೆ. ಅದಕ್ಕೆ ತಕ್ಕಂತೆ ತಾಯಿಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಹೆಚ್ಚು. ನೂರು ಗ್ರಾಂಗೆ ಸುಮಾರು 7 ಗ್ರಾಂ. ಹಸುವಿನ ಹಾಲಿನಲ್ಲಿ ಐದಕ್ಕಿಂತ ಕಡಿಮೆ. ಮಿದುಳು ಮತ್ತು ಕಣ್ಣಿನ ಬೆಳವಣಿಗೆಗೆ ಬೇಕಾದ ವಿಶೇಷ ಕೊಬ್ಬುಗಳೂ ತಾಯಿಹಾಲಿನಲ್ಲಿವೆ.

ಹಸುವಿನ ಹಾಲಿನಲ್ಲಿ ಪ್ರೋಟೀನು ಮೂರು ಪಟ್ಟು, ಲವಣಗಳು ಸುಮಾರು ಮೂರು ಪಟ್ಟಿಗೂ ಹೆಚ್ಚು. ಕರುವಿನ ಮೂಳೆ, ಮಾಂಸಕ್ಕೆ ಅದು ಬೇಕು. ಕೂಸಿನ ಮೂತ್ರಪಿಂಡಗಳು ಇನ್ನೂ ಎಳೆಯವು. ಹೆಚ್ಚಾದ ಲವಣವನ್ನೂ ಪ್ರೋಟೀನಿನ ಕಸವನ್ನೂ ಹೊರಹಾಕಲು ಅವು ಹೆಣಗಬೇಕಾಗುತ್ತದೆ. ಹಾಗಾದರೆ ನೀರು ಬೆರೆಸಿ ಕೊಟ್ಟರೆ? ಲವಣ ಕಡಿಮೆಯಾಗುತ್ತದೆ ನಿಜ. ಜೊತೆಗೆ ಸಕ್ಕರೆ, ಕೊಬ್ಬು ಎಲ್ಲವೂ ತೆಳುವಾಗುತ್ತವೆ. ಇದರಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ.

ತಾಯಿಹಾಲಿನಲ್ಲಿ ವಿಜ್ಞಾನಿಗಳನ್ನು ಬಹುಕಾಲ ಗಲಿಬಿಲಿಗೊಳಿಸಿದ ವಸ್ತುವೊಂದಿದೆ. ಒಲಿಗೋಸ್ಯಾಕರೈಡ್‌ಗಳು ಎಂಬ ಸಕ್ಕರೆಯ ಸರಪಣಿಗಳು. ಇವುಗಳಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಲ್ಯಾಕ್ಟೋಸ್ ಮತ್ತು ಕೊಬ್ಬನ್ನು ಬಿಟ್ಟರೆ ಹಾಲಿನಲ್ಲಿ ಇವುಗಳದೇ ದೊಡ್ಡ ಪಾಲು. ಆದರೆ ಮಗುವಿಗೆ ಇವು ಜೀರ್ಣವೇ ಆಗುವುದಿಲ್ಲ! ಜೀರ್ಣವಾಗದ್ದನ್ನು ತಾಯಿಯ ದೇಹ ಇಷ್ಟು ಕಷ್ಟಪಟ್ಟು ತಯಾರಿಸುವುದೇಕೆ? ಅದು ಮಗುವಿಗಾಗಿ ಮಾಡಿದ ಊಟವಲ್ಲ, ಮಗುವಿನ ಕರುಳಿನಲ್ಲಿ ನೆಲೆಸುವ ಬೈಫಿಡೋ ಬ್ಯಾಕ್ಟೀರಿಯಾಗಳಿಗೆ ಮಾಡಿದ ಊಟ. ಇವು ಉಪಕಾರಿ ಬ್ಯಾಕ್ಟೀರಿಯಾಗಳು. ಇವು ತಿಂದು ಕೊಬ್ಬಿ ಜಾಗವನ್ನೆಲ್ಲ ಹಿಡಿದುಕೊಂಡರೆ ಭೇದಿ ತರುವ ಕಿಡಿಗೇಡಿಗಳಿಗೆ ಜಾಗ ಉಳಿಯುವುದಿಲ್ಲ. ಗದ್ದೆಯಲ್ಲಿ ಬೆಳೆ ದಟ್ಟವಾಗಿದ್ದರೆ ಕಳೆ ಕಡಿಮೆ ಇರುತ್ತದಲ್ಲ, ಹಾಗೆ.

ಬೇಸಿಗೆಯಲ್ಲಿ ನೀರು?

ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಎರಡು ತಿಂಗಳ ಕೂಸಿಗೆ ನೀರು ಕುಡಿಸದಿದ್ದರೆ ಹೇಗೆ? ಅಜ್ಜಿಯರು ಕೇಳುವ ಈ ಪ್ರಶ್ನೆಗೆ ಲೆಕ್ಕದಿಂದಲೇ ಉತ್ತರ ಹೇಳಬಹುದು. ತಾಯಿಹಾಲಿನಲ್ಲಿ ನೂರಕ್ಕೆ 88 ಭಾಗ ನೀರೇ. ಮಗು ದಿನಕ್ಕೆ ಸುಮಾರು 750 ಮಿಲಿಲೀಟರ್ ಹಾಲು ಕುಡಿಯುತ್ತದೆ ಎಂದುಕೊಳ್ಳಿ. ಅದರಲ್ಲಿ ನೀರು 660 ಮಿಲಿಲೀಟರ್. ಲವಣ ಕಡಿಮೆ ಇರುವುದರಿಂದ ಅದನ್ನು ಮೂತ್ರದಲ್ಲಿ ಹೊರಹಾಕಲು ಹೆಚ್ಚಿಗೆ ನೀರೂ ಬೇಡ. ನಮ್ಮ ದೇಶವೂ ಸೇರಿದಂತೆ ಬಿಸಿ ಪ್ರದೇಶಗಳಲ್ಲಿ ಇಂಥ ಮಕ್ಕಳ ಮೂತ್ರ ಪರೀಕ್ಷಿಸಿ ನೋಡಿದ್ದಾರೆ. ಬರೀ ತಾಯಿಹಾಲು ಕುಡಿದ ಮಕ್ಕಳಿಗೆ ನೀರಿನ ಕೊರತೆಯಾಗಿರಲಿಲ್ಲ. ಮಗುವಿಗೆ ಬಾಯಾರಿದರೆ ಮತ್ತೊಮ್ಮೆ ಹಾಲು ಕೇಳುತ್ತದೆ, ಅಷ್ಟೆ. ನೀರು ಕುಡಿಸಿದರೆ ಆಗುವುದೇನು? ನೀರಿನ ಜೊತೆ ರೋಗಾಣು ಹೋಗಬಹುದು. ಪುಟ್ಟ ಹೊಟ್ಟೆಯಲ್ಲಿ ಹಾಲಿನ ಜಾಗವನ್ನು ನೀರು ಹಿಡಿಯುತ್ತದೆ. ಪೋಲಿಯೋ ಹನಿ, ವೈದ್ಯರು ಕೊಟ್ಟ ಔಷಧಿಯ ಮಾತು ಬೇರೆ. ಅವನ್ನು ಕೊಡಲೇಬೇಕು.

‘ಹಾಲು ಸಾಲದು’ ಎಂಬ ಸುಳಿ

ಎದೆಯಲ್ಲಿ ಹಾಲು ಕೊಡದಲ್ಲಿ ನೀರು ತುಂಬಿಟ್ಟಂತೆ ಇರುವುದಿಲ್ಲ. ಮಗು ಚೀಪಿದಾಗ ಆ ಸ್ಪರ್ಶದ ಸುದ್ದಿ ನರಗಳ ಮೂಲಕ ತಾಯಿಯ ಮಿದುಳಿಗೆ ಹೋಗುತ್ತದೆ. ಮಿದುಳಿನ ಕೆಳಗಿರುವ, ಬಟಾಣಿ ಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಗ್ರಂಥಿ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಪ್ರೊಲ್ಯಾಕ್ಟಿನ್ ಹಾಲು ತಯಾರಿಸಲು ಹೇಳುತ್ತದೆ. ಆಕ್ಸಿಟೋಸಿನ್ ತಯಾರಾದ ಹಾಲನ್ನು ಹೊರಕ್ಕೆ ಒತ್ತಿ ಕಳಿಸುತ್ತದೆ. ಹಸು ‘ತೊರೆ ಬಿಡುವುದು’ ಎನ್ನುತ್ತೇವಲ್ಲ, ಅದೂ ಆಕ್ಸಿಟೋಸಿನ್ನಿನ ಕೆಲಸವೇ. ಹೆದರಿದ ಹಸು ತೊರೆ ಬಿಡುವುದಿಲ್ಲ. ಬೈಗುಳ ತಿಂದ, ನಿದ್ದೆಗೆಟ್ಟ, ನೋವಿನಲ್ಲಿರುವ ಬಾಣಂತಿಗೂ ಹಾಲು ಇಳಿಯುವುದು ತಡವಾಗುತ್ತದೆ.

ಮಗು ಹೆಚ್ಚು ಚೀಪಿದಷ್ಟೂ ಹೆಚ್ಚು ಹಾಲು ತಯಾರಾಗುತ್ತದೆ. ಎದೆ ಖಾಲಿಯಾಗದೆ ಉಳಿದರೆ ತಯಾರಿ ನಿಧಾನವಾಗುತ್ತದೆ. ಈಗ ಯಾರೋ ‘ಹಾಲು ಸಾಲದು’ ಎಂದು ಬಾಟಲಿ ಹಾಲು ಕೊಟ್ಟರೆನ್ನಿ. ಮಗುವಿನ ಹೊಟ್ಟೆ ತುಂಬಿತು. ಅದು ಎದೆಯನ್ನು ಚೀಪುವುದು ಕಡಿಮೆಯಾಯಿತು. ಹಾಲೂ ಕಡಿಮೆಯಾಯಿತು. ‘ನೋಡಿದಿರಾ, ನಾನು ಹೇಳಲಿಲ್ಲವೇ?’ ಎಂದು ಇನ್ನೊಂದು ಬಾಟಲಿ ಬಂತು! ಬಾಟಲಿಯನ್ನು ಪ್ರತಿಸಲ ಕುದಿಸಿ ತೊಳೆಯದಿದ್ದರೆ ಅದು ರೋಗಾಣುಗಳ ಮನೆ. ಡಬ್ಬಿಯ ಪುಡಿಗೆ ಬೆಲೆ ಹೆಚ್ಚು, ಹಾಗಾಗಿ ಒಂದು ವಾರದ ಪುಡಿಯನ್ನು ನೀರು ಬೆರೆಸಿ ಎರಡು ವಾರ ಎಳೆಯುತ್ತಾರೆ. ಬಡ ದೇಶಗಳಲ್ಲಿ ಹೀಗೆ ಅನೇಕ ಮಕ್ಕಳು ಭೇದಿಯಿಂದ ಸತ್ತರು. ಈ ಬಗ್ಗೆ ಪ್ರಪಂಚದಾದ್ಯಂತ ದನಿ ಎದ್ದು, 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಇಂಥ ಆಹಾರಗಳ ಮಾರಾಟಕ್ಕೆ ನಿಯಮಗಳನ್ನು ಒಪ್ಪಿತು. ನಮ್ಮ ದೇಶದಲ್ಲಿ 1992ರಲ್ಲಿ ಕಾನೂನೇ ಬಂತು. 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಲಾಯಿತು. ಎರಡು ವರ್ಷದೊಳಗಿನ ಮಕ್ಕಳ ಇಂಥ ಆಹಾರಕ್ಕೆ ಜಾಹೀರಾತು ಕೊಡುವಂತಿಲ್ಲ. ಅಂಗಡಿಯಲ್ಲಿ ಡಬ್ಬಿ ಕಂಡರೆ ಗಮನಿಸಿ: ತಾಯಿಯ ಹಾಲೇ ನಿಮ್ಮ ಮಗುವಿಗೆ ಅತ್ಯುತ್ತಮ ಎಂಬ ಎಚ್ಚರಿಕೆ ಅದರ ಮೇಲೆ ಇರಲೇಬೇಕು, ಮುದ್ದು ಮಗುವಿನ ಚಿತ್ರ ಇರಕೂಡದು.

ತಾಯಿ ತೀರಿಕೊಂಡಿದ್ದರೆ? ತಾಯಿಗೆ ಕಾಯಿಲೆಯಿದ್ದರೆ? ಎಷ್ಟು ಪ್ರಯತ್ನಿಸಿದರೂ ಹಾಲು ಬಾರದಿದ್ದರೆ? ಅಂಥ ತಾಯಂದಿರೂ ಇದ್ದಾರೆ, ಅದು ಅವರ ತಪ್ಪಲ್ಲ. ಅಂಥ ಮಕ್ಕಳಿಗೆ ವೈದ್ಯರ ಸಲಹೆಯಂತೆ ಡಬ್ಬಿಯ ಹಾಲು ಕೊಡಬೇಕಾಗುತ್ತದೆ. ಇನ್ನೊಂದು ದಾರಿಯೂ ಇದೆ. ರಕ್ತನಿಧಿಯಂತೆ ಹಾಲಿನ ನಿಧಿ! 1989ರಲ್ಲಿ ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರು ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ ಆರಂಭಿಸಿದರು. ಹೆಚ್ಚಿಗೆ ಹಾಲಿರುವ ತಾಯಂದಿರು ದಾನ ಮಾಡಿದ ಹಾಲನ್ನು ಪರೀಕ್ಷಿಸಿ, 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಟ್ಟು ರೋಗಾಣು ಕೊಂದು, ಶೈತ್ಯದಲ್ಲಿ ಇಡುತ್ತಾರೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಚೀಪಲೂ ಬರುವುದಿಲ್ಲ. ಅಂಥವರಿಗೆ ಹಾಲು ಕುಡಿಸಲು ನಮ್ಮ ಆಸ್ಪತ್ರೆಗಳಲ್ಲಿ ಬಳಸುವ ಸಾಧನ ಯಾವುದು ಗೊತ್ತೆ? ಒಳಲೆ! ಅಜ್ಜಿಯ ಪೆಟ್ಟಿಗೆಯಲ್ಲಿ ಹುಡುಕಿದರೆ ನಿಮಗೂ ಒಂದು ಸಿಕ್ಕೀತು. ಬಾಯಿ ಅಗಲವಾಗಿರುವುದರಿಂದ ಅದನ್ನು ತೊಳೆಯುವುದು, ಕುದಿಸುವುದು ಬಾಟಲಿಗಿಂತ ಸುಲಭ.

ಮುಖದಿಂದ ಎದೆಗೆ ಎಷ್ಟು ದೂರ?

ಈಗ ತಾನೇ ಹುಟ್ಟಿದ ಮಗುವನ್ನು ತಾಯಿಯ ಹೊಟ್ಟೆಯ ಮೇಲೆ ಮಲಗಿಸಿದರೆ ಅದು ನಿಧಾನವಾಗಿ ತೆವಳಿ ತಾನೇ ಎದೆಯನ್ನು ಹುಡುಕಿಕೊಳ್ಳುತ್ತದೆ. ಸುಮಾರು ಒಂದು ಗಂಟೆ ಬೇಕಾಗಬಹುದು. ಕೆನ್ನೆಗೆ ಬೆರಳು ತಾಗಿಸಿದರೆ ಅದೇ ಕಡೆ ಬಾಯಿ ತಿರುಗಿಸುತ್ತದೆ. ಇವು ಕಲಿಯದೆ ಬರುವ ಅನೈಚ್ಛಿಕ ಕ್ರಿಯೆಗಳು. ವಾಸನೆಯೂ ದಾರಿ ತೋರಿಸುತ್ತದೆ. 1975ರಲ್ಲಿ ಇಂಗ್ಲೆಂಡಿನ ವೈದ್ಯ ಏಡನ್ ಮ್ಯಾಕ್‌ಫರ್ಲೇನ್ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಮಗುವಿನ ಮುಖದ ಒಂದು ಬದಿಗೆ ಅದರ ತಾಯಿಯ ಹಾಲು ತಾಗಿದ ಬಟ್ಟೆ, ಇನ್ನೊಂದು ಬದಿಗೆ ಬೇರೆ ತಾಯಿಯದು. ಒಂದು ವಾರವೂ ತುಂಬದ ಮಕ್ಕಳು ತಮ್ಮ ತಾಯಿಯ ಕಡೆಗೇ ಹೆಚ್ಚು ಹೊತ್ತು ತಿರುಗಿದವು!

ಎಳೆಯ ಕೂಸಿಗೆ ದೂರದ ವಸ್ತುಗಳು ಮಸುಕು. ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದ್ದು. ನಿಮ್ಮ ಅಳತೆಪಟ್ಟಿ ತೆಗೆದುಕೊಂಡು, ಹಾಲು ಕುಡಿಯುವ ಮಗುವಿನ ಮುಖಕ್ಕೂ ತಾಯಿಯ ಮುಖಕ್ಕೂ ನಡುವೆ ಎಷ್ಟು ದೂರ ಇರಬಹುದು ಎಂದು ಊಹಿಸಿ ನೋಡಿ.

ಆರು ತಿಂಗಳಾದ ಮೇಲೆ

ತಾಯಿಹಾಲಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಹುಟ್ಟುವಾಗ ಮಗು ತನ್ನ ಯಕೃತ್ತಿನಲ್ಲಿ ಕಬ್ಬಿಣವನ್ನು ಕೂಡಿಟ್ಟುಕೊಂಡು ಬಂದಿರುತ್ತದೆ. ಆರು ತಿಂಗಳ ಹೊತ್ತಿಗೆ ಆ ಗಂಟು ಕರಗುತ್ತದೆ. ಆಗ ಹಾಲಿನ ಜೊತೆಗೆ ಬೇರೆ ಆಹಾರ ಬೇಕು. ಎರಡು ವರ್ಷದವರೆಗೆ, ಅದರಾಚೆಗೂ ಎದೆಹಾಲು ಮುಂದುವರಿಯಬಹುದು. ಮನೆಯಲ್ಲಿ ರಾಗಿ ಸರಿ ಮಾಡುವುದನ್ನು ನೋಡಿದ್ದೀರಲ್ಲ? ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಹಿಟ್ಟು ಮಾಡುತ್ತಾರೆ. ಮೊಳಕೆ ಏಕೆ? ಬರೀ ರಾಗಿಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುತ್ತದೆ. ಮಗು ನುಂಗಲೆಂದು ನೀರು ಸೇರಿಸಿದರೆ ಪೌಷ್ಟಿಕಾಂಶ ತೆಳುವಾಗುತ್ತದೆ. ಮೊಳಕೆಯಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟದ ಉದ್ದ ಸರಪಣಿಗಳನ್ನು ಕತ್ತರಿಸುತ್ತದೆ. ಆಗ ಹಿಟ್ಟು ಕಡಿಮೆ ಮಾಡದೆಯೇ ಗಂಜಿ ತೆಳುವಾಗುತ್ತದೆ.

ಮಾಡಿ ನೋಡಿ

ದೊಡ್ಡವರ ಸಹಾಯದಿಂದ ಮಾಮೂಲಿ ರಾಗಿಹಿಟ್ಟಿನ ಗಟ್ಟಿ ಗಂಜಿ ಮಾಡಿಸಿ ಎರಡು ಬಟ್ಟಲುಗಳಿಗೆ ಸಮವಾಗಿ ಹಾಕಿ. ಸ್ವಲ್ಪ ಆರಲಿ. ತುಂಬ ಬಿಸಿಯಿದ್ದರೆ ಕಿಣ್ವ ಕೆಡುತ್ತದೆ. ಒಂದು ಬಟ್ಟಲಿಗೆ ಒಂದು ಚಮಚ ಮೊಳಕೆ ರಾಗಿಯ ಹಿಟ್ಟು (ಬಿಸಿಲಿನಲ್ಲಿ ಒಣಗಿಸಿದ್ದು, ಹುರಿಯದೆ ಇರುವುದು) ಹಾಕಿ ಕಲಸಿ. ಇನ್ನೊಂದಕ್ಕೆ ಒಂದು ಚಮಚ ಮಾಮೂಲಿ ರಾಗಿಹಿಟ್ಟು ಹಾಕಿ ಕಲಸಿ. ಎರಡರಲ್ಲೂ ಚಮಚ ನಿಲ್ಲಿಸಿ. ಯಾವುದರಲ್ಲಿ ಚಮಚ ಮೊದಲು ವಾಲುತ್ತದೆ? ಎಷ್ಟು ನಿಮಿಷದಲ್ಲಿ? ಬರೆದಿಟ್ಟುಕೊಳ್ಳಿ. ಹುರಿದ ಹಿಟ್ಟಿನಿಂದಲೂ ಇನ್ನೊಮ್ಮೆ ಮಾಡಿ, ಫಲಿತಾಂಶ ಬೇರೆ ಬಂದರೆ ಏಕೆ ಎಂದು ನಿಮ್ಮ ವಿಜ್ಞಾನ ಶಿಕ್ಷಕರ ಜೊತೆ ಚರ್ಚಿಸಿ.